ಸುಬ್ರಾಯ ತಂದ ಬಾಟ್ಲಿ

೧೯೬೧ರಲ್ಲಿ ನಾನು ಕುಮಟೆಯಲ್ಲಿ ಸ್ವಂತ ದವಾಖಾನೆ ನಡೆಸುತ್ತಿದ್ದೆ. ಅದಕ್ಕೂ ಮುಂಚೆ ಭಟ್ಕಳದ ಸರಕಾರಿ ದವಾಖಾನೆಯಲ್ಲಿ ಕೆಲವು ವರ್ಷ ಕೆಲಸ ಮಾಡಿ, ಮೇಲಿನವರ ಜೊತೆ ಜಗಳವಾಡಿಕೊಂಡು, ರಾಜೀನಾಮೆ ಬಿಸಾಡಿ ಬಂದಿದ್ದೆ. ಜಗಳಗಂಟ ಡಾಕ್ಟರು ಎಂಬ ಹೆಸರು ನನಗಿಂತ ಮೊದಲೇ ಬಸ್ಸು ಹತ್ತಿ ಕುಮಟೆ ತಲುಪಿತ್ತು. ಆದರೂ ಜನ ಬರುತ್ತಿದ್ದರು, ಯಾಕೆಂದರೆ ಹೋಗಲು ಬೇರೆ ಜಾಗ ಹೆಚ್ಚಿರಲಿಲ್ಲ. ಗದ್ದೆಯಲ್ಲಿ ಬರಿಗಾಲಲ್ಲಿ ದುಡಿಯುವ ಹೆಂಗಸರಿಗೆ ಕೊಕ್ಕೆಹುಳದಿಂದ ರಕ್ತ ಕಡಿಮೆಯಾಗಿ ಮೈ ಬಿಳುಚಿಕೊಳ್ಳುತ್ತಿತ್ತು. ಮಕ್ಕಳಿಗೆ ಕಜ್ಜಿ, ಭೇದಿ. ಮುದುಕರಿಗೆ ಉಬ್ಬಸ. ಇವಿಷ್ಟು ದಿನನಿತ್ಯದ ಕೆಲಸ. ಉಳ್ಳವರ ಮನೆಗಳಲ್ಲಿ ಸಕ್ಕರೆ ಕಾಯಿಲೆ ಇತ್ತು, ಅದನ್ನು ಬಾಯಿಬಿಟ್ಟು ಹೇಳುವವರು ಮಾತ್ರ ಇರಲಿಲ್ಲ.

ಸಕ್ಕರೆ ಕಾಯಿಲೆ ನೋಡಲು ನನ್ನ ಹತ್ತಿರ ಇದ್ದ ಉಪಾಯ ಒಂದೇ, ಮೂತ್ರದ ಪರೀಕ್ಷೆ. ರಕ್ತ ತೆಗೆದು ಸಕ್ಕರೆ ಅಳೆಯುವ ಅನುಕೂಲ ನಮ್ಮೂರಲ್ಲಿ ಆಗ ಇರಲಿಲ್ಲ. ಬೆನೆಡಿಕ್ಟ್ ದ್ರಾವಣ ಎಂಬ ನೀಲಿ ನೀರಿಗೆ ಕೆಲವು ಹನಿ ಮೂತ್ರ ಹಾಕಿ ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ ಇದೆ, ಹಳದಿಯಾದರೆ ಇನ್ನೂ ಇದೆ, ಇಟ್ಟಿಗೆ ಬಣ್ಣ ಬಂದರೆ ರೋಗಿಗೆ ಬೈಯಲು ಶುರು ಮಾಡಬಹುದು. ಇನ್ನೊಂದು ಪರೀಕ್ಷೆ ಅಲ್ಬುಮಿನ್‌ನದು. ಅದು ರಕ್ತದಲ್ಲಿ ಇರಬೇಕಾದ ಪ್ರೋಟೀನು, ಮೂತ್ರದಲ್ಲಿ ಬರಬಾರದು. ಟೆಸ್ಟ್‌ ಟ್ಯೂಬಿನಲ್ಲಿ ಮೂತ್ರ ಕುದಿಸಿ ಎರಡು ಹನಿ ಅಸಿಟಿಕ್ ಆಸಿಡ್ ಬಿಟ್ಟಾಗ ಬಿಳಿ ಮೋಡ ಕಟ್ಟಿ ಹಾಗೆಯೇ ಉಳಿದರೆ ಮೂತ್ರಪಿಂಡಕ್ಕೆ ಏನೋ ಆಗಿದೆ ಎಂದು ಅರ್ಥ.

ದವಾಖಾನೆಗೆ ಬಂದು ಅಲ್ಲೇ ಮೂತ್ರ ಹಿಡಿದು ಕೊಡುವುದೆಂದರೆ ನಮ್ಮ ಕಡೆಯ ದೊಡ್ಡ ಮನೆತನದವರಿಗೆ ಜೀವ ಹೋದ ಹಾಗೆ. ಹೆಂಗಸರ ಮಾತಂತೂ ಬಿಡಿ. ಹೀಗಾಗಿ ಬಾಟ್ಲಿಗಳು ಮನೆಯಿಂದಲೇ ಬರುತ್ತಿದ್ದವು. ಅರಿಷ್ಟದ ಬಾಟ್ಲಿ, ತಲೆಗೆಣ್ಣೆಯ ಬಾಟ್ಲಿ, ಮೇಲೊಂದು ಬಾಳೆಲೆಯ ಬಿರಡೆ, ಸುತ್ತ ಹಳೆಯ ಪಂಚೆಯ ತುಂಡು. ತರುವವರು ಮಗ, ಭಾವ, ಆಳು, ಯಾರೂ ಆಗಬಹುದು. ಒಬ್ಬ ಮಹಾನುಭಾವ ಜೇನಿನ ಬಾಟ್ಲಿಯನ್ನು ತೊಳೆಯದೆ ಅದರಲ್ಲೇ ತುಂಬಿಸಿ ಕಳಿಸಿದ್ದ. ಪರೀಕ್ಷೆಯಲ್ಲಿ ಇಟ್ಟಿಗೆ ಬಣ್ಣ ಬಂದು ನಾನು ಅವನ ಅನ್ನ ನಿಲ್ಲಿಸಿ, ಅವನ ಹೆಂಡತಿಯಿಂದ ಬೈಸಿಕೊಂಡಿದ್ದೆ. ಇಷ್ಟಾದರೂ ಪದ್ಧತಿ ಬದಲಾಗಲಿಲ್ಲ. ಬಾಟ್ಲಿ ಬರುತ್ತಿತ್ತು, ನಾನು ನೋಡುತ್ತಿದ್ದೆ, ತಂದವರ ಹತ್ತಿರವೇ ಹೇಳಿ ಕಳಿಸುತ್ತಿದ್ದೆ.

ಸುಬ್ರಾಯ ನನ್ನ ಹೈಸ್ಕೂಲಿನ ಗೆಳೆಯ. ನಾನು ಕೊಂಕಣಿ ಮನೆಯವನು, ಅವನು ಹೊಳೆಯಾಚೆ ಮಿರ್ಜಾನದ ಕಡೆಯ ಹವ್ಯಕ ಮನೆಯವನು. ಕುಮಟೆಯಲ್ಲಿ ಓದುವಾಗ ಒಂದೇ ಬೆಂಚಿನಲ್ಲಿ ಕೂತು, ಒಂದೇ ಮಾಸ್ತರರಿಂದ ಪೆಟ್ಟು ತಿಂದವರು. ನಾನು ಮುಂಬೈಗೆ ಹೋಗಿ ಎಲ್.ಸಿ.ಪಿ.ಎಸ್. ಎಂಬ ಡಾಕ್ಟರಿಕೆಯ ಪರೀಕ್ಷೆ ಮುಗಿಸಿ ಬಂದೆ. ಅವನು ಮನೆಯ ಯಜಮಾನಿಕೆ ನೋಡಿಕೊಂಡು, ಸುತ್ತಲ ಊರಿನ ಮದುವೆ ಮುಂಜಿಗಳಲ್ಲಿ ಊಟದ ಪಂಕ್ತಿಗೆ ಶೋಭೆ ತರುವ ಮನುಷ್ಯನಾದ. ಪಂಕ್ತಿಯಲ್ಲಿ ಕೂತು ಅವನು ಗಟ್ಟಿ ದನಿಯಲ್ಲಿ ಶ್ಲೋಕ ಹೇಳಿದರೆ ಬಡಿಸುವವರೂ ನಿಂತು ಕೇಳುತ್ತಿದ್ದರು. ಆಮೇಲೆ ಅವನು ಹೋಳಿಗೆ ತಿನ್ನುವುದನ್ನು ನಿಂತು ನೋಡುತ್ತಿದ್ದರು. ನನಗೆ ಅವನೆಂದರೆ ಬಹಳ ಪ್ರೀತಿ. ಭಟ್ಕಳದಿಂದ ಕೆಲಸ ಬಿಟ್ಟು ಬಂದಾಗ ‘ಇವನಿಗೆ ತಲೆ ಕೆಟ್ಟಿದೆ’ ಎನ್ನದ ಒಬ್ಬನೇ ಮನುಷ್ಯ ಅವನು.

ಆ ವರ್ಷ ಬೇಸಿಗೆಯಲ್ಲಿ ಅವನ ಕುತ್ತಿಗೆಯ ಹಿಂದೆ ದೊಡ್ಡ ಕುರು ಎದ್ದಿತು. ರಾತ್ರಿಯೆಲ್ಲ ನೀರು ಕುಡಿಯುವುದು, ಏಳುವುದು, ಮತ್ತೆ ಕುಡಿಯುವುದು ಎಂದ. ಪರೀಕ್ಷೆ ಮಾಡಿದರೆ ಇಟ್ಟಿಗೆ ಬಣ್ಣ. ಕುರು ಕೊಯ್ದು ಪೆನ್ಸಿಲಿನ್ ಕೊಟ್ಟೆ. ಸಿಹಿ ಬಿಡಿಸಿದೆ, ಅನ್ನ ಅರ್ಧ ಮಾಡಿಸಿದೆ, ಆಗಷ್ಟೇ ಬಳಕೆಗೆ ಬರುತ್ತಿದ್ದ ಮಾತ್ರೆ ಶುರು ಮಾಡಿದೆ. ಮಳೆಗಾಲ ಬಂದರೂ ಬಣ್ಣ ಇಳಿಯಲಿಲ್ಲ. ಕೊನೆಗೆ, ‘ಇನ್ನು ಇನ್ಸುಲಿನ್ ಸೂಜಿಯೇ ಗತಿ, ದಿನಾ ತಗೊಳ್ಳಬೇಕು’ ಎಂದೆ.

ಅವನು, ‘ಅದನ್ನು ಎಂತದ್ರಿಂದ ಮಾಡ್ತಾರಾ?’ ಎಂದು ಕೇಳಿದ.

ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಎಂದೆ. ಯಾವ ಪ್ರಾಣಿ ಎಂದ. ದನದ್ದು, ಹಂದಿಯದು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ರೋಗಿ ಕೇಳಿದರೆ ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ‘ಇನ್ನೊಂದೆರಡು ವಾರ ಪಥ್ಯ ಬಿಗಿ ಮಾಡ್ತೆ, ನೋಡು’ ಎಂದು ಅವನು ಎದ್ದು ಹೋದ.

ಅಲ್ಲಿಂದ ಮುಂದೆ ಅವನ ಬಾಟ್ಲಿಯಲ್ಲಿ ಸಕ್ಕರೆಯೇ ಇಲ್ಲ. ಪ್ರತಿ ಸೋಮವಾರ ಬೆಳಿಗ್ಗೆ ದೋಣಿಯಲ್ಲಿ ಹೊಳೆ ದಾಟಿ, ಬಸ್ಸು ಹಿಡಿದು, ಅವನೇ ಬಾಟ್ಲಿ ತರುತ್ತಿದ್ದ. ನಾನು ಕುದಿಸುತ್ತಿದ್ದೆ, ನೀಲಿ ನೀಲಿಯಾಗಿಯೇ ಉಳಿಯುತ್ತಿತ್ತು. ‘ಸಿಹಿ ಬಾಯಿಗೆ ಹಾಕದೆ ಎಷ್ಟು ದಿನ ಆತು ಮಾರಾಯ, ನಿನ್ನ ನೀಲಿ ನೀರೇ ಸಾಕ್ಷಿ’ ಎನ್ನುತ್ತಿದ್ದ. ನನಗೆ ಹಿಗ್ಗೋ ಹಿಗ್ಗು. ಬೇರೆ ರೋಗಿಗಳಿಗೆಲ್ಲ, ‘ನಮ್ಮ ಸುಬ್ರಾಯನನ್ನು ನೋಡಿ ಕಲೀರಿ, ಹೋಳಿಗೆಯ ರಾಜ ಹೋಳಿಗೆ ಬಿಟ್ಟ’ ಎಂದು ಹೇಳಿಕೊಂಡು ತಿರುಗಿದೆ. ಹೊನ್ನಾವರದ ಡಾಕ್ಟರ ಗೆಳೆಯರ ಮುಂದೆ ಕೂಡ ಅವನ ಕಥೆ ಹೇಳಿ ಬಂದೆ. ಅವನು ತೆಳ್ಳಗಾಗುತ್ತಿದ್ದ, ಪಥ್ಯದಿಂದ ಎಂದುಕೊಂಡೆ. ಒಂದೇ ಬೆಂಚಿನಲ್ಲಿ ಕೂತವನನ್ನು ಯಾರು ಅನುಮಾನಿಸುತ್ತಾರೆ ಹೇಳಿ.

ದೀಪಾವಳಿ ಕಳೆದ ಮೇಲೆ ಒಂದು ಸೋಮವಾರ ಎಂದಿನಂತೆ ಬಂದ. ಸಕ್ಕರೆ ಇಲ್ಲ. ಆದರೆ ಅಲ್ಬುಮಿನ್ ಪರೀಕ್ಷೆಯಲ್ಲಿ ಟ್ಯೂಬಿನ ತುಂಬ ಮೋಡ. ಆಸಿಡ್ ಬಿಟ್ಟೆ, ಮೋಡ ಕರಗಲಿಲ್ಲ. ಇನ್ನೊಮ್ಮೆ ಮಾಡಿದೆ, ಹಾಗೆಯೇ ಬಂತು. ಸಕ್ಕರೆ ಕಾಯಿಲೆ ಮೂತ್ರಪಿಂಡಕ್ಕೆ ಇಳಿಯಿತು ಎಂದುಕೊಂಡೆ. ಅವನ ರಕ್ತದೊತ್ತಡ ನೋಡಿದೆ, ಸರಿಯಾಗಿಯೇ ಇತ್ತು. ಕಾಲಲ್ಲಿ ಬಾವು ಇಲ್ಲ. ಇದು ಹೇಗೆ ಎಂದು ತಲೆ ಕೆರೆದುಕೊಳ್ಳುತ್ತ ಅವನಿಗೆ ಎಲ್ಲ ಬಿಡಿಸಿ ಹೇಳಿದೆ. ಉಪ್ಪು ಕಡಿಮೆ ಮಾಡು. ಮುಖ ಊದಿದರೆ, ತಲೆ ಸಿಡಿದರೆ, ಕಣ್ಣು ಮಂಜಾದರೆ ಒಂದು ಗಳಿಗೆ ತಡ ಮಾಡದೆ ನನ್ನ ಹತ್ತಿರ ಬಾ.

ಅವನ ಮುಖ ಬಿಳುಚಿಕೊಂಡಿತು. ‘ಇದು ಸಕ್ಕರೆ ಕಾಯಿಲೆಯವರಿಗೆ ಮಾತ್ರವಾ? ಬೇರೆಯವರಿಗೂ ಬರ್ತದಾ?’ ಎಂದು ಕೇಳಿದ.

ಗೆಳೆಯ ಹೆದರಿದ್ದಾನೆ, ಸ್ವಲ್ಪ ನಗಿಸೋಣ ಎಂದುಕೊಂಡೆ. ‘ಬಸುರಿಯರಿಗೆ ಬಂದರೆ ಭಾರೀ ಅಪಾಯ ಮಾರಾಯ, ಫಿಟ್ಸ್ ಬಂದು ತಾಯಿ ಮಗು ಇಬ್ಬರೂ ಹೋಗ್ತಾರೆ. ನಿನಗೆ ಆ ಚಿಂತೆ ಇಲ್ಲವಲ್ಲ’ ಎಂದೆ.

ಸುಬ್ರಾಯ ನಕ್ಕ. ನನ್ನ ಮುಂದೆ ಕುರ್ಚಿಯಲ್ಲಿ ಕೂತು, ನನ್ನ ಜೊತೆಗೇ ನಕ್ಕ. ಇಷ್ಟು ವರ್ಷವಾದರೂ ಆ ನಗು ನೆನಪಾದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮುಂದಿನ ಸೋಮವಾರ ತಂದ ಬಾಟ್ಲಿಯಲ್ಲಿ ಸಕ್ಕರೆಯೂ ಇಲ್ಲ, ಅಲ್ಬುಮಿನ್ನೂ ಇಲ್ಲ. ಅದರ ಮುಂದಿನ ವಾರವೂ ಇಲ್ಲ. ಉಪ್ಪು ಬಿಟ್ಟದ್ದಕ್ಕೆ ಇಳಿಯಿತೋ, ಹೋದ ಸಲ ಬಾಟ್ಲಿಯಲ್ಲೇ ಏನಾದರೂ ಕೊಳೆ ಇತ್ತೋ ಎಂದು ಸಮಾಧಾನ ಮಾಡಿಕೊಂಡೆ. ಆ ವಾರವೆಲ್ಲ ನಾನು ಖುಷಿಯಲ್ಲೇ ಇದ್ದೆ.

ಆಮೇಲೆ ಒಂದು ದಿನ ಮಧ್ಯಾಹ್ನ ದವಾಖಾನೆ ಮುಚ್ಚುವ ಹೊತ್ತಿಗೆ ಅವನ ಊರಿನ ದೋಣಿಯವನು ಓಡಿಬಂದ. ಸುಬ್ರಾಯನ ಸೊಸೆ ಗೋದಾವರಿಗೆ ಫಿಟ್ಸ್ ಬಂದು ಬಿದ್ದಿದ್ದಾಳೆ, ಬಾಯಲ್ಲಿ ರಕ್ತ, ತುಂಬಿದ ಬಸುರಿ ಎಂದ. ಅವಳಿಗೆ ಅದು ಚೊಚ್ಚಲು ಬಸಿರು. ತವರಿನಲ್ಲಿ ತಾಯಿ ತೀರಿಕೊಂಡಿದ್ದಳು, ಬಾಣಂತನ ಮಾಡುವವರಿಲ್ಲ ಎಂದು ಗಂಡನ ಮನೆಯಲ್ಲೇ ಉಳಿದಿದ್ದಳು. ಗಂಡ ಭಟ್ಕಳದಲ್ಲಿ ಮಾಸ್ತರಿಕೆ ಮಾಡುತ್ತಿದ್ದವನು, ರಜೆಗಷ್ಟೇ ಬರುತ್ತಿದ್ದ. ಅವಳನ್ನು ನಾನು ನೋಡಿದ್ದು ಮದುವೆಯಲ್ಲಿ ಒಂದೇ ಸಲ. ಪೆಟ್ಟಿಗೆಗೆ ಸಿಕ್ಕಿದ್ದೆಲ್ಲ ತುಂಬಿಕೊಂಡು ಬಾಡಿಗೆ ಕಾರಿನಲ್ಲಿ ಹೊಳೆಯ ತನಕ ಹೋಗಿ, ದೋಣಿಯಲ್ಲಿ ದಾಟಿ, ಗದ್ದೆಯ ಅಂಚಿನಲ್ಲಿ ಓಡಿದೆ.

ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಮುಖ ಊದಿ ಕಣ್ಣು ಮುಚ್ಚಿಹೋಗಿತ್ತು. ಒತ್ತಡ ೧೯೦ಕ್ಕೆ ೧೨೦. ನಾನು ಪಟ್ಟಿ ಬಿಚ್ಚುವಷ್ಟರಲ್ಲಿ ಇನ್ನೊಂದು ಫಿಟ್ಸ್ ಬಂತು. ಹಲ್ಲಿನ ನಡುವೆ ಬಟ್ಟೆ ಸುತ್ತಿದ ಸಟ್ಟುಗದ ಹಿಡಿ ಇಟ್ಟು, ಎಡಮಗ್ಗುಲಿಗೆ ಹೊರಳಿಸಿ, ಫಿಟ್ಸ್ ತಡೆಯುವ ಪ್ಯಾರಾಲ್ಡಿಹೈಡ್ ಚುಚ್ಚಿದೆ. ಇದಕ್ಕೆ ಎಕ್ಲಾಂಪ್ಸಿಯಾ ಎಂದು ಹೆಸರು. ಬಸಿರಿನ ನಂಜು ನೆತ್ತಿಗೇರಿದ ಸ್ಥಿತಿ. ಕಿಟಕಿ ಮುಚ್ಚಿಸಿ, ಎಲ್ಲರ ಬಾಯಿ ಮುಚ್ಚಿಸಿ, ನಳಿಕೆ ಹಾಕಿ ಮೂತ್ರ ತೆಗೆದು ಅಡುಗೆಮನೆಯ ಒಲೆಯ ಕೆಂಡದ ಮೇಲೆ ಟ್ಯೂಬು ಹಿಡಿದೆ. ಬೇಯಿಸಿದ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗಿಬಿಟ್ಟಿತು.

‘ಇಷ್ಟು ದಿನ ಏನು ಮಾಡ್ತಾ ಇದ್ರಿ ನೀವೆಲ್ಲ?’ ಎಂದು ನಾನು ಹರಿಹಾಯ್ದೆ. ‘ಒಂದು ಸಲವಾದರೂ ಈ ಹುಡುಗಿಯದ್ದು ಪರೀಕ್ಷೆ ಮಾಡಿಸಬಾರದಿತ್ತಾ?’

ಸುಬ್ರಾಯನ ಹೆಂಡತಿ ಮಹಾಲಕ್ಷ್ಮಿ ಸೊಸೆಯ ತಲೆ ಹಿಡಿದುಕೊಂಡು ಕೂತಿದ್ದಳು. ಅವಳು ನನ್ನನ್ನೇ ಬೆಪ್ಪಾಗಿ ನೋಡಿದಳು. ‘ಎಂತ ಹೇಳ್ತ್ರಿ ಡಾಕ್ಟ್ರೆ? ವಾರ ವಾರ ಇದರ ಉಚ್ಚೆ ನಿಂಗಳೇ ನೋಡ್ತಾ ಇದ್ರಲಿ. ಎಂತದೂ ತೊಂದ್ರೆ ಇಲ್ಲೆ ಹೇಳಿ ಹೇಳಿದ್ರಡ. ಮೊನ್ನೆ ಸೋಮವಾರನೂ ಬಾಟ್ಲಿ ಕೊಟ್ಟು ಕಳ್ಸಿದ್ದು.’

ನಾನು ತಿರುಗಿ ನೋಡಿದೆ. ಸುಬ್ರಾಯ ಬಾಗಿಲಲ್ಲಿ ನಿಂತಿದ್ದ. ನನ್ನ ಮುಖ ನೋಡಲಿಲ್ಲ. ನನಗೆ ಎಲ್ಲ ತಿಳಿಯಿತು. ಇಷ್ಟು ತಿಂಗಳು ಅವನ ಹೆಸರಲ್ಲಿ ನಾನು ಕುದಿಸಿದ್ದು ಈ ಹುಡುಗಿಯ ಮೂತ್ರ. ಆವತ್ತು ನನ್ನ ಟ್ಯೂಬಿನಲ್ಲಿ ಕಟ್ಟಿದ ಮೋಡ ಇವಳದ್ದು.

ಬೈಯಲು ಪುರುಸೊತ್ತಿರಲಿಲ್ಲ. ಹೆರಿಗೆ ಮಾಡಿಸದೆ ಈ ನಂಜು ಇಳಿಯುವುದಿಲ್ಲ, ಮನೆಯಲ್ಲಿ ಮಾಡಿಸುವ ಹೆರಿಗೆಯೂ ಇದಲ್ಲ. ಕಂಬಳಿಗೆ ಎರಡು ಗಳ ಕಟ್ಟಿಸಿ, ನಾಲ್ಕು ಜನರಿಂದ ಹೊರಿಸಿ, ದೋಣಿಯಲ್ಲಿ ಮಲಗಿಸಿದೆ. ಆಚೆ ದಡದಲ್ಲಿ ಕಾರು ಹತ್ತಿಸಿ, ಕುಮಟೆ ದಾಟಿ ಹೊನ್ನಾವರದ ಆಸ್ಪತ್ರೆಗೆ ತಲುಪಿಸಿದೆ. ದಾರಿಯಲ್ಲಿ ಮತ್ತೊಮ್ಮೆ ಫಿಟ್ಸ್ ಬಂತು. ಅಲ್ಲಿಯ ಲೇಡಿ ಡಾಕ್ಟರು ಸಂಜೆಯೊಳಗೆ ಇಕ್ಕಳ ಹಾಕಿ ಹೆರಿಗೆ ಮಾಡಿಸಿದರು. ಗಂಡು ಮಗು, ಉಸಿರಿರಲಿಲ್ಲ. ಗೋದಾವರಿ ಬದುಕಿದ್ದಳು, ಎಚ್ಚರ ಬಂದಿರಲಿಲ್ಲ. ಬರುತ್ತದೋ ಇಲ್ಲವೋ ಯಾರೂ ಹೇಳುವ ಹಾಗಿರಲಿಲ್ಲ.

ಆಸ್ಪತ್ರೆಯ ಜಗುಲಿಯಲ್ಲಿ ಸುಬ್ರಾಯನನ್ನು ಹಿಡಿದು ನಿಲ್ಲಿಸಿದೆ. ಅವನು ತೊದಲುತ್ತ ಹೇಳಿದ್ದು ಇಷ್ಟು. ದನದಿಂದ ಮಾಡಿದ ಔಷಧ ಮೈಗೆ ಸೇರಿದರೆ ದೇವರ ಪೂಜೆಗೆ ಕೂರುವುದು ಹೇಗೆ, ಪಂಕ್ತಿಯಲ್ಲಿ ಕೂರುವುದು ಹೇಗೆ ಎಂದು ಅವನಿಗೆ ಹೆದರಿಕೆಯಾಗಿತ್ತು. ಬೇಡ ಎಂದರೆ ನಾನು ಕೇಳುವವನಲ್ಲ, ಬೈಯುತ್ತೇನೆ. ಬಾಟ್ಲಿಯಲ್ಲಿ ಸಕ್ಕರೆ ಕಾಣದಿದ್ದರೆ ಸೂಜಿಯ ಮಾತೇ ಬರುವುದಿಲ್ಲ. ಮನೆಯಲ್ಲಿ ಬೇರೆ ಯಾರ ಹತ್ತಿರ ಏನು ನೆಪ ಹೇಳಿ ಕೇಳುವುದು? ಸೊಸೆ ಬಸುರಿ. ‘ಡಾಕ್ಟ್ರು ನನ್ನ ಗೆಳೆಯ, ವಾರ ವಾರ ಪರೀಕ್ಷೆ ಮಾಡ್ತಾನೆ’ ಎಂದರೆ ಮನೆಯವರಿಗೂ ಸಂತೋಷ, ಅವಳಿಗೂ ಸಂತೋಷ.

‘ಆವತ್ತು ನಾನು ಬಸುರಿಯರ ಮಾತು ಹೇಳಿದಾಗ?’ ಎಂದೆ.

‘ಮನೆಗೆ ಹೋಗಿ ಸೊಸೆಗೆ ಉಪ್ಪು ಬಿಡಿಸ್ದೆ. ಬಾರ್ಲಿ ನೀರು ಕುಡಿಸ್ದೆ. ನೀ ಹೇಳಿದ ಹಾಗೇ ಮಾಡಿದ್ದೆ.’

‘ಆಮೇಲೆ ತಂದ ಬಾಟ್ಲಿ ಯಾರದ್ದೋ?’

ಅವನು ಹೇಳಲಿಲ್ಲ. ಇವತ್ತಿಗೂ ನನಗೆ ಗೊತ್ತಿಲ್ಲ. ಸೊಸೆಯ ಬಾಟ್ಲಿ ಕೇಳುವುದು ನಿಲ್ಲಿಸಿದರೆ ಮನೆಯಲ್ಲಿ ಅನುಮಾನ ಬರುತ್ತದೆ ಎಂದು, ಅದನ್ನು ಈಸಿಕೊಂಡು ದೋಣಿಯಲ್ಲಿ ಬರುವಾಗ ಹೊಳೆಗೆ ಸುರಿಯುತ್ತಿದ್ದನಂತೆ. ಮನೆಗೆ ಹೋಗಿ ‘ಎಲ್ಲ ಸರಿ ಇದ್ದಡ’ ಎನ್ನುತ್ತಿದ್ದನಂತೆ. ಇದನ್ನು ಅವನೇ ಹೇಳಿದ.

‘ಸೂಜಿ ಬೇಡ ಅಂತ ಒಂದು ಮಾತು ಹೇಳಿದ್ದರೆ ನಾನು ನಿನ್ನನ್ನು ಕಟ್ಟಿಹಾಕಿ ಚುಚ್ಚುತ್ತಿದ್ದೆನೇನೋ?’ ಎಂದೆ. ‘ನನ್ನ ಮಾತು ಕೇಳಿ ನಕ್ಕೆಯಲ್ಲೋ ಸುಬ್ರಾಯ. ಗೊತ್ತಿದ್ದೂ ನಕ್ಕೆಯಲ್ಲೋ.’

ಅವನು ನನ್ನ ಕೈ ಹಿಡಿದುಕೊಂಡ. ‘ಸೊಸೆಗೆ ಹೇಳಬೇಡ ಮಾರಾಯ. ಬದುಕಿದ್ರೆ ಸಾಕು. ಮನೆ ಮರ್ಯಾದೆ ನಿನ್ನ ಕೈಲಿದೆ.’

ಕೈ ಬಿಡಿಸಿಕೊಂಡೆ. ‘ಅವಳು ಎದ್ದು ಕೂರಲಿ, ನೀನೇ ಹೇಳು. ನೀನು ಹೇಳದಿದ್ದರೆ ನಾನು ಹೇಳ್ತೇನೆ’ ಎಂದೆ.

ಗೋದಾವರಿಗೆ ಎಚ್ಚರ ಬಂತು. ಒತ್ತಡ ಇಳಿಯಿತು, ಬಾವು ಇಳಿಯಿತು. ಮಗುವಿನ ಸುದ್ದಿ ಅತ್ತೆ ಹೇಳಿದಳು. ನಾನು ಕುಮಟೆಯ ದವಾಖಾನೆ ಮುಗಿಸಿ ಆಗಾಗ ಹೊನ್ನಾವರಕ್ಕೆ ಹೋಗಿ ಬರುತ್ತಿದ್ದೆ. ಅಷ್ಟರಲ್ಲಿ ಊರಲ್ಲಿ ಮಾತು ಹಬ್ಬಿತ್ತು. ಆ ಡಾಕ್ಟರು ವಾರ ವಾರ ಪರೀಕ್ಷೆ ಮಾಡುತ್ತಿದ್ದರೂ ರೋಗ ತಿಳಿಯಲಿಲ್ಲವಂತೆ, ಒಂದು ಮಗು ಹೋಯಿತಂತೆ ಎಂದು ಪೇಟೆಯಲ್ಲಿ ನನ್ನ ಕಿವಿಗೇ ಬಿತ್ತು. ಹಾಗಲ್ಲ ಎಂದು ಸುಬ್ರಾಯ ಯಾರ ಹತ್ತಿರವೂ ಹೇಳಲಿಲ್ಲ. ನನ್ನ ಹೆಸರು ಕೆಟ್ಟರೆ ಕೆಡಲಿ, ತನ್ನದು ಉಳಿದರೆ ಸಾಕು ಎಂದು ಸುಮ್ಮನಿದ್ದ. ಸೊಸೆಯ ಹತ್ತಿರವೂ ಹೇಳಲಿಲ್ಲ.

ಮನೆಗೆ ಕಳಿಸುವ ಹಿಂದಿನ ದಿನ ನಾನು ಅವಳ ಒತ್ತಡ ನೋಡುತ್ತಿದ್ದೆ. ಮಂಚದ ಕಾಲ ಬುಡದಲ್ಲಿ ಸುಬ್ರಾಯ ನಿಂತಿದ್ದ. ಅವಳು ಮೊದಲ ಸಲ ನನ್ನ ಹತ್ತಿರ ಬಾಯಿಬಿಟ್ಟಳು.

‘ತಲೆನೋವು ಬತ್ತಿತ್ತು ಡಾಕ್ಟ್ರೆ. ಕಣ್ಣ ಮುಂದೆ ಚುಕ್ಕಿ ಚುಕ್ಕಿ ಕಾಣ್ತಿತ್ತು. ಯಾರ ಹತ್ರನೂ ಹೇಳಿದ್ನಿಲ್ಲೆ. ನಿಂಗ ವಾರ ವಾರ ನೋಡ್ತಾ ಇದ್ರಲಿ, ಎಂತಾದ್ರೂ ಇದ್ರೆ ನಿಂಗಕ್ಕೆ ಗೊತ್ತಾಗ್ತು ಹೇಳಿ ಧೈರ್ಯದಲ್ಲಿದ್ದಿದ್ದೆ.’

ಸುಬ್ರಾಯನ ಕಡೆ ನೋಡಿದೆ. ಹೇಳುತ್ತಾನೋ ಎಂದು ಕಾದೆ. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ರೋಗಿಯ ಗುಟ್ಟು ಡಾಕ್ಟರನ ಹೊಟ್ಟೆಯಲ್ಲೇ ಇರಬೇಕು ಎಂದು ನಮಗೆ ಕಲಿಸಿದ್ದರು. ಆದರೆ ಇಲ್ಲಿ ರೋಗಿ ಯಾರು? ಮೂತ್ರ ಅವಳದ್ದು, ರೋಗ ಅವಳದ್ದು, ಸತ್ತ ಮಗು ಅವಳದ್ದು.

‘ತಂಗೀ,’ ಎಂದೆ, ‘ನಿನ್ನ ಬಾಟ್ಲಿ ನಿನ್ನದು ಅಂತ ನನ್ನ ಹತ್ತಿರ ಒಂದು ಸಲವೂ ಬರಲಿಲ್ಲ. ಅದು ತನ್ನದು ಅಂತ ನಿನ್ನ ಮಾವ ಕೊಡ್ತಿದ್ದ. ನೀನು ಬಸುರಿ ಅಂತಲೂ ನನಗೆ ಯಾರೂ ಹೇಳಲಿಲ್ಲ.’

ಅವಳು ಮಾವನ ಮುಖ ನೋಡಲಿಲ್ಲ. ಅಳಲೂ ಇಲ್ಲ. ನನ್ನನ್ನೇ ನೋಡುತ್ತ, ಬಹಳ ಮೆಲ್ಲಗೆ ಕೇಳಿದಳು.

‘ಹಂಗಾರೆ ಯನ್ನ ಯಾರೂ ನೋಡ್ತಾ ಇದ್ದಿದ್ವಿಲ್ಯ ಡಾಕ್ಟ್ರೆ?’

ಒತ್ತಡದ ಪಟ್ಟಿ ಮಡಚಿ ಪೆಟ್ಟಿಗೆಯಲ್ಲಿ ಇಟ್ಟೆ. ಅವಳು ಗೋಡೆಯ ಕಡೆ ಹೊರಳಿದಳು.

ನನ್ನ ಪರೀಕ್ಷೆ ತಪ್ಪಿರಲಿಲ್ಲ. ರೋಗ ಕಂಡಿದ್ದೆ, ಅಪಾಯದ ಲಕ್ಷಣಗಳನ್ನು ಒಂದೂ ಬಿಡದೆ ಹೇಳಿದ್ದೆ. ಕಂಡದ್ದು ಅವಳದ್ದು, ಹೇಳಿದ್ದು ಅವನಿಗೆ, ಅಷ್ಟೇ. ಅಂದಿನಿಂದ ಮನೆಯಿಂದ ಬಂದ ಬಾಟ್ಲಿಯನ್ನು ಮುಟ್ಟುವುದು ಬಿಟ್ಟೆ. ದವಾಖಾನೆಯ ಹಿಂದೆ ತಗಡಿನ ಕೋಣೆ ಕಟ್ಟಿಸಿ, ಯಾರಿಗೆ ಕಾಯಿಲೆಯೋ ಅವರೇ ಬರಬೇಕು ಎಂದೆ. ಬಸುರಿ ಹೆಂಗಸರಿಗೆ ಕಂಡದ್ದನ್ನು ಅವರ ಕಿವಿಗೇ ಹೇಳುತ್ತಿದ್ದೆ, ತಲೆ ಸಿಡಿದರೆ ಗಂಡನನ್ನೂ ಕಾಯದೆ ಹೊರಟು ಬಾ ಎನ್ನುತ್ತಿದ್ದೆ. ‘ಗಂಡಸರ ಹತ್ರ ಹೇಳಿ ಡಾಕ್ಟ್ರೆ, ಹೆಂಗಸರಿಗೆಂತ ತಿಳೀತದೆ’ ಎಂದು ಜೊತೆಗೆ ಬಂದವರು ಮುಖ ಗಂಟಿಕ್ಕುತ್ತಿದ್ದರು. ಕೆಲವು ದೊಡ್ಡ ಮನೆಯವರು ನನ್ನನ್ನು ಬಿಟ್ಟು ಬೇರೆ ಡಾಕ್ಟರ ಹತ್ತಿರ ಹೋದರು. ಹೋಗಲಿ ಎಂದೆ. ಡಾಕ್ಟರಿಕೆಯಲ್ಲಿ ನಾನು ಕಲಿತ ದೊಡ್ಡ ಪಾಠ ಇದು, ಕಲಿಸಿದವನು ನನ್ನ ಜೀವದ ಗೆಳೆಯ. ಅವನ ಜೊತೆ ನಾನು ಮತ್ತೆ ಮಾತಾಡಲಿಲ್ಲ.